ಅಣ್ಣನ ಬಾಸಿಂಗ, ತಮ್ಮನ ಸೆಲ್ಫಿ

ಸೆಲ್ಫಿ ತೆಗೆಯಲು ಹೋಗಿ ಕೆರೆಗೆ ಬಿದ್ದವರು, ರೈಲು ಹಳಿಯ ಮೇಲೆ ನಿಂತವರು, ಹಾವನ್ನು ಕೊರಳಿಗೆ ಹಾಕಿಕೊಂಡು ನಕ್ಕವರು, ಇಂಥವರ ಸುದ್ದಿ ಓದಿದಾಗಲೆಲ್ಲ ನನಗೆ ಅನಿಸುತ್ತಿದ್ದುದು ಒಂದೇ. ಇವರಿಗೆ ಶಿಸ್ತಿಲ್ಲ! ನನಗಿದೆ. ನಾನು ದಿನಾಲೂ ಡೈರಿ ಬರೆಯುವವನು. ಅದರಲ್ಲಿ ಸೆಲ್ಫಿಗೆಂದೇ ಒಂದು ಕೋಷ್ಟಕ ಉಂಟು: ದಿನ, ಜಾಗ, ತೆಗೆದದ್ದು ಎಷ್ಟು, ಅಳಿಸಿದ್ದು ಎಷ್ಟು, ಮೂಗು ಸಣ್ಣದಾಗಿ ಬಂದದ್ದು ಎಷ್ಟು. ಕೊನೆಯ ಕಾಲಂ ಅಣ್ಣನ ಮದುವೆಯವರೆಗೆ ಖಾಲಿಯಿತ್ತು.

ಡೈರಿಯ ಮೊದಲ ಪುಟದಲ್ಲಿ ಸುರಕ್ಷಿತ ಸೆಲ್ಫಿಯ ನಿಯಮಗಳನ್ನು ಕೆಂಪು ಶಾಯಿಯಲ್ಲಿ ಬರೆದಿದ್ದೇನೆ. ರೈಲಿನ ಹತ್ತಿರ ಬೇಡ. ಬಾವಿಕಟ್ಟೆಯ ಮೇಲೆ ಬೇಡ. ಎಮ್ಮೆಯ ಹಿಂದೆ ಬೇಡ. ಈ ಮೂರನೆಯದು ಸ್ವಂತ ಅನುಭವ. ಕೋಟೆಯ ಗೋಡೆಯ ಬಗ್ಗೆ ಮಾತ್ರ ನಿಯಮವಿರಲಿಲ್ಲ. ಏಕೆಂದರೆ ನಿಯಮಗಳನ್ನು ಬರೆದದ್ದು ನಮ್ಮ ಹೊಲದಲ್ಲಿ ಕೂತು. ಅಲ್ಲಿಂದ ಕೋಟೆ ಕಾಣುವುದಿಲ್ಲ!

ಇಂಥ ಶಿಸ್ತಿನ ಮನುಷ್ಯ ಮನೆಯಲ್ಲಿ ಮತ್ತೊಬ್ಬನಿಲ್ಲವಾದ್ದರಿಂದ, ಆ ಶನಿವಾರದ ಕೆಲಸ ನನ್ನ ಪಾಲಿಗೆ ಬಂತು. ಮರುದಿನ ಮೋರಖಂಡಿಯಲ್ಲಿ, ನಮ್ಮ ಮನೆಯ ಮುಂದಿನ ಹಂದರದಲ್ಲಿ, ನನ್ನಣ್ಣ ರೇವಪ್ಪನ ಮದುವೆ. ಹೆಣ್ಣು ಕೊಡಂಬಲದವಳು. ಹುಮನಾಬಾದಿನಲ್ಲಿ ಮಾಡಿಸಲು ಕೊಟ್ಟಿದ್ದ ಬಾಸಿಂಗವನ್ನು ನಾನು ಹೋಗಿ ತರಬೇಕು. ಬೆಂಡು, ಜರಿ, ಮುತ್ತಿನ ಕುಚ್ಚುಗಳಿಂದ ಮಾಡಿದ, ಮದುಮಗ ಹಣೆಗೆ ಕಟ್ಟಿಕೊಳ್ಳುವ ಸಿಂಗಾರ ಅದು. ಬಾಸಿಂಗ ಏರದೆ ತಲೆಯ ಮೇಲೆ ಅಕ್ಷತೆಯ ಅಕ್ಕಿಕಾಳು ಬೀಳುವುದಿಲ್ಲ.

“ಮೂರು ಸಂಬಂಧ ತಪ್ಯಾವ, ಇದು ನಾಲ್ಕನೇದು,” ಅಂದಳು ಅವ್ವ. “ಹೆಣ್ಣಿನ ಸೋದರಮಾವ ಸಣ್ಣ ಮಾತಿಗೂ ಸಿಟ್ಟಿಗೇಳಾಂವ. ಡಬ್ಬಿ ತಗೊಂಡು ಸೀದಾ ಮನಿಗಿ ಬಾ. ದಾರ್ಯಾಗ ತೆಗೀಬ್ಯಾಡ.”

“ನನ್ನ ಮ್ಯಾಲ ಭರೋಸಾ ಇಲ್ಲೇನವ್ವಾ?”

“ನಿನ್ನ ಮ್ಯಾಲ ಅದ. ನಿನ್ನ ಕೈಯಾಗಿನ ಫೋನಿನ ಮ್ಯಾಲ ಇಲ್ಲ.”

ಹುಮನಾಬಾದಿನಲ್ಲಿ ಬಾಸಿಂಗ ಮಾಡುವ ಮುದುಕಪ್ಪನೂ ಡಬ್ಬಿ ಕೊಡುವಾಗ ಅದನ್ನೇ ಬೇರೆ ಮಾತಿನಲ್ಲಿ ಹೇಳಿದ. “ಮನಿ ದೇವರ ಮುಂದ ತೆಗೀರಿ. ಇದು ಯಾರ ಹಣಿಗಿ ಏರತದ ಅವನೇ ಮದುಮಗ. ಮತ್ತೊಬ್ಬರಿಗಿ ನಡ್ಯಾಂಗಿಲ್ಲ ನೋಡ್ರಿ.” ನಾನು ಗಂಭೀರವಾಗಿ ತಲೆಯಾಡಿಸಿದೆ. ಬಸ್ಸಿನಲ್ಲಿ ಡಬ್ಬಿಯನ್ನು ಬಾಣಂತಿ ಕೂಸನ್ನು ಹಿಡಿದಂತೆ ಹಿಡಿದು ಬಸವಕಲ್ಯಾಣದವರೆಗೆ ಬಂದೆ. ಅಲ್ಲಿಯವರೆಗೆ ನನ್ನ ನಡತೆ ಆದರ್ಶಪ್ರಾಯವಾಗಿತ್ತು.

ಬಸವಕಲ್ಯಾಣದಲ್ಲಿ ಮೋರಖಂಡಿಯ ಟಮ್‌ಟಮ್ ಆಟೋ ನಿಂತಿತ್ತು. “ಸೀಟು ತುಂಬೂತನಕ ಬಿಡಾಂಗಿಲ್ರಿ. ಚಹಾ ಕುಡದು ಬರ್ರಿ,” ಅಂದ ಡ್ರೈವರ್. ನಾನು ಚಹಾ ಕುಡಿಯುವುದಿಲ್ಲ. ಕುಡಿಯುತ್ತಿದ್ದರೆ ನಮ್ಮ ಮನೆತನದ ಇಜ್ಜತ್ತು ಉಳಿಯುತ್ತಿತ್ತು! ಚಹಾದ ಬದಲು ಕೋಟೆಯ ಕಡೆ ನಡೆದೆ.

ಮುಖಕ್ಕೆ ಏನೂ ಹಚ್ಚದಿದ್ದರೂ ಬೆಳ್ಳಗೆ ಕಾಣಿಸುವಂಥ ಸಂಜೆ ಬಿಸಿಲು. ಕೋಟೆಯ ತುಂಬ ನನ್ನ ವಯಸ್ಸಿನವರೇ. ಒಬ್ಬ ಫಿರಂಗಿಯ ಮೇಲೆ ಮಲಗಿದ್ದ. ಒಬ್ಬಳು ಕೂದಲನ್ನು ಗಾಳಿಗೆ ಬಿಟ್ಟು, ಗಾಳಿ ಬರದಿದ್ದಾಗ ಗೆಳತಿಯಿಂದ ಊದಿಸಿಕೊಳ್ಳುತ್ತಿದ್ದಳು. ಕೋಟೆ ನೋಡಲು ಅಷ್ಟು ಜನ ಬಂದಿದ್ದರೂ ಪ್ರತಿಯೊಬ್ಬರೂ ಕೋಟೆಗೆ ಬೆನ್ನು ಮಾಡಿಯೇ ನಿಂತಿದ್ದರು. ಅಶಿಸ್ತಿನ ಮಂದಿ, ಎಂದುಕೊಂಡು ಗೋಡೆಯ ಮೇಲಿನ ಒಳ್ಳೆಯ ಜಾಗ ಹುಡುಕಿದೆ.

ಅಲ್ಲಿ ನನಗೊಂದು ಜವಾಬ್ದಾರಿಯುತ ವಿಚಾರ ಬಂತು. ಬಸ್ಸಿನ ಕುಲುಕಾಟಕ್ಕೆ ಬಾಸಿಂಗದ ಮುತ್ತು ಉದುರಿದ್ದರೆ? ತೆಗೆದು ನೋಡಿದೆ. ಉದುರಿರಲಿಲ್ಲ. ಎರಡನೆಯ ವಿಚಾರ: ದಾರ ಗಿಡ್ಡವಾಗಿದ್ದರೆ? ಅಣ್ಣನ ತಲೆ, ನನ್ನ ತಲೆ ಒಂದೇ ಅಳತೆ. ಚಿಕ್ಕಂದಿನಲ್ಲಿ ಇಬ್ಬರಿಗೂ ಒಂದೇ ಟೋಪಿ ಇತ್ತು. ಆದ್ದರಿಂದ ಅಣ್ಣನ ಹಿತಕ್ಕಾಗಿ, ಕೇವಲ ಪರೀಕ್ಷಾರ್ಥವಾಗಿ, ಕಟ್ಟಿ ನೋಡಿದೆ. ದಾರ ಸರಿಯಾಗಿತ್ತು. ಮೂರನೆಯ ವಿಚಾರ: ಪರೀಕ್ಷೆ ಮಾಡಿದ್ದಕ್ಕೆ ದಾಖಲೆ ಬೇಡವೇ?

ಹತ್ತಿರದಲ್ಲೇ “ಅಂಚಿಗೆ ಹೋಗಬಾರದು” ಎಂಬ ಫಲಕವಿತ್ತು. ಬಹಳ ಉಪಯುಕ್ತ ಫಲಕ. ಅದಕ್ಕೆ ನನ್ನ ಚೀಲ ನೇತುಹಾಕಿದೆ.

ಒಮ್ಮೆ ಒತ್ತುವ ಶ್ರಮ ಉಳಿಯಲೆಂದು ನಾನು ಯಾವಾಗಲೂ ಸೆಲ್ಫಿಯನ್ನು ನೇರವಾಗಿ ಸ್ಟೇಟಸ್ಸಿನಲ್ಲೇ ತೆಗೆಯುತ್ತೇನೆ. ಚೆನ್ನಾಗಿ ಬಂದರೆ ಕಳಿಸುವುದು, ಇಲ್ಲವಾದರೆ ಅಳಿಸುವುದು. ಕೈ ಚಾಚಿದೆ. ಒಂದು ಫೋಟೋ ಬಂತು, ಆದರೆ ಕುಚ್ಚು ಬಿಟ್ಟುಹೋಗಿತ್ತು. ಒಂದು ಹೆಜ್ಜೆ ಹಿಂದೆ ಇಟ್ಟೆ. ಕುಚ್ಚು ಬಂತು, ಬುರುಜು ಬರಲಿಲ್ಲ. ಇನ್ನೊಂದು ಹೆಜ್ಜೆ. ಬುರುಜು ಅರ್ಧ ಬಂತು. ಮೂರನೆಯ ಹೆಜ್ಜೆ ಇಟ್ಟಾಗ ಕಾಲಿನ ಕೆಳಗೆ ಏನೂ ಸಿಗಲಿಲ್ಲ!

ಅಷ್ಟರಲ್ಲಿ ಪಕ್ಕದಿಂದ ಒಂದು ಕೈ ಬಂದು ನನ್ನ ಹೆಗಲನ್ನು ಗಿಡುಗ ಕೋಳಿಮರಿಯನ್ನು ಹಿಡಿದಂತೆ ಹಿಡಿದು ಎಳೆಯಿತು. ನನ್ನ ಬೆರಳುಗಳು ಫೋನಿನ ಮೇಲೆ ಎಲ್ಲೆಲ್ಲೋ ಒತ್ತಿದವು. ನಾನು ಗೋಡೆಯ ಒಳಬದಿಗೆ ಬಿದ್ದೆ. ಮೇಲೆ ನೋಡಿದರೆ ಅರವತ್ತು ದಾಟಿದ ಅಜ್ಜಿ. ಹಳದಿ ಸೀರೆ, ಮುಂಗೈ ತುಂಬ ಹಸಿರು ಬಳೆ, ಇನ್ನೊಂದು ಕೈಯಲ್ಲಿ ಫೋನು.

“ಅರೇ ನವರದೇವಾ!” ಅಂದಳು ಆಕೆ. ಗಡಿಯಾಚೆಯ ಉಮರ್ಗಾದ ಕಡೆಯವಳು. ಮದುಮಗನಿಗೆ ಅವರು ಹಾಗೆನ್ನುತ್ತಾರೆ. “ಲಗ್ನ ಮಾಡ್ಕೊಳ್ಳೂದಕ್ಕಿಂತ ಸಾಯೂದೇ ಛಲೋ ಅನಿಸ್ತೇನೋ?”

“ಸೆಲ್ಫಿ ತೆಗ್ಯಾಕತ್ತಿದ್ದೆರಿ.”

“ನಾನೂ ಅದಕ್ಕ ಬಂದೀನಿ. ಆದ್ರ ಕುಂತು ತಗೀತೀನಿ. ಕುಂತಾಂವ ಬೀಳಾಂಗಿಲ್ಲ, ತಿಳೀತೇನು?”

ತಿಳಿಯಿತು. ಆದರೆ ಎಳೆದಾಟದಲ್ಲಿ ಬಾಸಿಂಗದ ಗಂಟು ಬಿಗಿದು ನನ್ನ ಕೂದಲಿನೊಂದಿಗೆ ಒಂದಾಗಿತ್ತು. ಹಿಂದೆ ಕೈ ಹಾಕಿ ಎಷ್ಟು ತಿಣುಕಿದರೂ ಬಿಚ್ಚಲೊಲ್ಲದು. ಕೀಲಿಕೈಯಿಂದ ದಾರ ಕೊಯ್ಯಲು ಹೊರಟೆ. ಅಜ್ಜಿ ನನ್ನ ಕೈ ಮೇಲೆ ಫಟ್ಟೆಂದು ಹೊಡೆದಳು.

“ಕಟ್ಟಿದ ಬಾಸಿಂಗ ಅಕ್ಕಿಕಾಳು ಬೀಳೂಕಿಂತ ಮೊದಲ ಕೊಯ್ತಾರೇನು? ಹುಚ್ಚಪ್ಪ! ಲಗ್ನ ಎಲ್ಲಿ, ಯಾವಾಗ?”

“ಮೋರಖಂಡ್ಯಾಗ್ರಿ, ನಾಳಿ ಮಧ್ಯಾಹ್ನ.”

ಮಾತು ಪೂರ್ತಿ ಸತ್ಯ. ಯಾರ ಲಗ್ನವೆಂದು ಆಕೆ ಕೇಳಲಿಲ್ಲ, ನಾನು ಹೇಳಲಿಲ್ಲ. “ಜೀವ ಉಳಿಸೀನಿ, ಬಂದು ಅಕ್ಕಿಕಾಳೂ ಹಾಕತೀನಿ,” ಅಂದಳು. “ಬರ್ರಿ,” ಅಂದೆ. ಬರ್ರಿ ಅಂದವರ ಮನೆಗೆಲ್ಲ ಜನ ಖರೇ ಬರುತ್ತಾರೆಯೇ?

ತಲೆಗೆ ಟವೆಲು ಸುತ್ತಿ ಟಮ್‌ಟಮ್ಮಿಗೆ ಬಂದೆ. ಟವೆಲಿನ ಕೆಳಗಿಂದ ಮುತ್ತಿನ ಕುಚ್ಚು ಜೋತಾಡುತ್ತಿತ್ತು. ಡ್ರೈವರ್ ತನ್ನ ಪಕ್ಕದ ಸೀಟು ಖಾಲಿ ಮಾಡಿಸಿದ. “ಮದುಮಗ ಹಿಂದ ಕೂಡಬಾರದು. ಮೊದಲೇ ಹೇಳಬಾರದೇನ್ರಿ?” ಹಿಂದೆ ಕುಳಿತ ಹೆಣ್ಣುಮಕ್ಕಳು ಕಿಸಕ್ಕೆಂದರು. ಆಗ ಫೋನು ಬಡಿದುಕೊಳ್ಳತೊಡಗಿತು.

ತೆರೆದು ನೋಡಿದೆ. ನನ್ನ ಸ್ಟೇಟಸ್ಸಿನಲ್ಲಿ ನಾನೇ ಇದ್ದೆ! ಹಣೆಯ ಮೇಲೆ ಬಾಸಿಂಗ. ಭಯಕ್ಕೆ ತೆರೆದ ಬಾಯಿ ಫೋಟೋದಲ್ಲಿ ಪರಮಾನಂದದಂತೆ ಕಾಣುತ್ತಿತ್ತು. ಹೆಗಲ ಮೇಲೆ ಹಸಿರು ಬಳೆಗಳ ಕೈ, ಅದರ ಹಿಂದೆ ಹಾರುವ ಹಳದಿ ಸೆರಗು. ಮುಖ ಮಾತ್ರ ಇರಲಿಲ್ಲ. ಜೀವಮಾನದಲ್ಲೇ ನನ್ನ ಅತ್ಯುತ್ತಮ ಸೆಲ್ಫಿ ಅದು.

“ಗುಪ್‌ಚುಪ್ ಲಗ್ನ ಮುಗಿಸಿದ್ಯಲ್ಲೋ!” “ವೈನಿ ಮುಖ ಯಾಕ ಮುಚ್ಚಿಟ್ಟಿ?” “ಊಟ ಎಂದು?” ಹೀಗೆ ಸಾಲುಸಾಲು ಮೆಸೇಜು. ತಕ್ಷಣ ಫೋಟೋ ಅಳಿಸಿದೆ. ಅಷ್ಟರಲ್ಲಿ ಊರವರೆಲ್ಲ ಅದನ್ನು ತಮ್ಮ ತಮ್ಮ ಫೋನಿನಲ್ಲಿ ಭದ್ರವಾಗಿ ಇಟ್ಟುಕೊಂಡಿದ್ದರು. ಅಳಿಸಿದ್ದು ಒಂದು, ಪ್ರಯೋಜನ ಸೊನ್ನೆ.

ಮನೆ ಮುಂದೆ ಟಮ್‌ಟಮ್ ನಿಂತಾಗ ಅವ್ವ, ಅತ್ತೆ, ಓಣಿಯ ಹೆಂಗಸರು ಎಲ್ಲರೂ ಸಾಲಾಗಿ ನಿಂತಿದ್ದರು. ನನ್ನನ್ನು ಯಾರೂ ನೋಡಲಿಲ್ಲ. ಎಲ್ಲರೂ ನನ್ನ ಹಿಂದೆ ಬಗ್ಗಿ ನೋಡಿದರು. ನಮ್ಮ ಅಜ್ಜಿಯನ್ನು ಊರೆಲ್ಲ ಆಯಿ ಎನ್ನುತ್ತದೆ. ಆಯಿ ಟಮ್‌ಟಮ್ಮಿನೊಳಗೆ ತಲೆ ಹಾಕಿ ಸೀಟಿನ ಕೆಳಗೂ ಹುಡುಕಿ ಕೇಳಿದಳು: “ಎಲ್ಲಿ ಅದಾಳೋ?”

ಅರಿಶಿನ ಹಚ್ಚಿಸಿಕೊಂಡು ಕೂತಿದ್ದ ಅಣ್ಣ ಎದ್ದು ಬಂದ. ಕೋಪಕ್ಕೆ ಅವನ ಹಳದಿ ಮುಖ ಕೇಸರಿಯಾಗಿತ್ತು. “ನಾ ನಾಕು ಊರು ತಿರುಗಿ ಹೈರಾಣ ಆಗಿ ಒಂದು ಹೆಣ್ಣು ಹುಡುಕೀನಿ. ನೀ ಬಾಸಿಂಗ ತರಾಕ ಹೋಗಿ ಹೆಂಡ್ತಿ ತಂದ್ಯಾ? ಅದೂ ನನ್ನ ಬಾಸಿಂಗ ಕಟ್ಟಿ!”

“ಮೊಣಕಾಲಿಗಿ ಬಾಸಿಂಗ ಕಟ್ಟಿಕೊಂಡು ಲಗ್ನಕ್ಕ ತುದಿಗಾಲ ಮ್ಯಾಲ ನಿಂತಾವ್ರನ್ನ ನೋಡೀನಿ,” ಅಂದ ಚಿಕ್ಕಪ್ಪ, ನಮ್ಮ ಕಾಕಾ. “ಅಣ್ಣನ ಬಾಸಿಂಗ ಕಟ್ಟಿದಾಂವನ್ನ ಇವತ್ತೇ ನೋಡಾಕತ್ತೇನಿ.”

ನಾನು ಕೋಟೆ, ಗೋಡೆ, ಅಜ್ಜಿ ಎಲ್ಲ ಹೇಳುವಷ್ಟರಲ್ಲಿ ಕೊಡಂಬಲದಿಂದ ಫೋನು ಬಂತು. ಹೆಣ್ಣಿನ ಸೋದರಮಾವ. ಕಾಕಾ ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಚ್ಚಿದ.

“ಸಣ್ಣಾವ ಮೊದಲ ಲಗ್ನ ಆದ ಅಂದ್ರ ದೊಡ್ಡಾವನಾಗ ಏನೋ ಐಬು ಅದ ಅಂತ ಮಂದಿ ಆಡಾಕತ್ತಾರ. ಆ ಬಳಿ ಕೈ ಯಾರದ್ರಿ?”

“ಒಬ್ಬ ಮುದುಕೀದ್ರಿ, ಉಮರ್ಗಾದಾಕಿ,” ಅಂದೆ.

ಸೋದರಮಾವ ದನಿ ತಗ್ಗಿಸಿ ಕೇಳಿದ: “ಆಸ್ತಿ ಭಾಳ ಅದ ಏನು ಅಕೀದು?”

ಅಣ್ಣ ತಲೆಯ ಮೇಲೆ ಕೈಹೊತ್ತು ಕೂತ. ಅವನ ಕಣ್ಣಲ್ಲಿ ನೀರು ನೋಡಿದಾಗ ಮಾತ್ರ ನನಗೆ ಖರೇ ಹೆದರಿಕೆಯಾಯಿತು. ಗೋಡೆಯ ಮೇಲೂ ಅಷ್ಟು ಆಗಿರಲಿಲ್ಲ.

ಅಡಿಕೆ ಕತ್ತರಿಸುತ್ತಿದ್ದ ಆಯಿ ಫೋನು ಕಸಿದುಕೊಂಡಳು. “ಬೀಗರೇ, ನಮ್ಮ ಹುಡುಗ ಹುಂಬ ಅದಾನ, ಲಫಂಗ ಅಲ್ಲ. ಕಟ್ಟಿದ ಬಾಸಿಂಗ ತಾಳಿ ಕಟ್ಟದ ಇಳಿಸಾಂಗಿಲ್ಲ. ಅದಕ್ಕ ಈಗಲೇ ಇವನ ಕೈಲೆ ಎಕ್ಕಿ ಗಿಡಕ್ಕ ತಾಳಿ ಕಟ್ಟಸ್ತೀನಿ. ಮನ್ಯಾಗ ಹೆಂಡ್ತಿ ಇದ್ದಾಂವ ಗಿಡಕ್ಕ ತಾಳಿ ಕಟ್ತಾನೇನ್ರಿ?”

ಸೋದರಮಾವ ಬಹಳ ವಿಚಾರ ಮಾಡಿದ. “ನಾಳಿ ಗಾಡಿ ತಗೊಂಡು ಬರತೀವಿ. ಆದ್ರ ಆ ಕೈ ಯಾರದಂತ ನನಗ ಖಾತ್ರಿ ಆಗೂತನಕ ಅಕ್ಕಿಕಾಳು ಬೀಳಾಂಗಿಲ್ಲ.”

ಹೀಗೆ ಶನಿವಾರ ಸಂಜೆ, ಹಿತ್ತಲ ತಿಪ್ಪೆಯ ಪಕ್ಕದಲ್ಲಿ, ಬಂಧುಬಳಗದ ಸಮ್ಮುಖದಲ್ಲಿ ನನ್ನ ವಿವಾಹ ಜರುಗಿತು. ವಧು ನನಗಿಂತ ತುಸು ಗಿಡ್ಡ, ಮಿತಭಾಷಿ, ತಲೆ ತುಂಬ ಹೂವು. ಅರಿಶಿನದ ಕೊಂಬು ಕಟ್ಟಿದ ದಾರವನ್ನು ಗಿಡಕ್ಕೆ ಕಟ್ಟಿದೆ. ಎಲ್ಲರೂ ಅಕ್ಕಿಕಾಳು ಹಾಕಿದರು, ನಂತರ ಸರದಿಯಂತೆ ಸೆಲ್ಫಿ ತೆಗೆದುಕೊಂಡರು. ಅಣ್ಣನ ಹೊರತು. ಆಯಿ ಕತ್ತರಿ ತಂದು ಬಾಸಿಂಗದ ದಾರವನ್ನೂ ನನ್ನ ಅರ್ಧ ಕ್ರಾಪನ್ನೂ ಒಟ್ಟಿಗೆ ಇಳಿಸಿದಳು. ಬೆಳಗಾಗುತ್ತಲೇ ಕಾಕಾ ಹೊಸ ಬಾಸಿಂಗಕ್ಕಾಗಿ ಹುಮನಾಬಾದಿಗೆ ಹೋದ. ಕಾಕಾನ ಹತ್ತಿರ ಕ್ಯಾಮೆರಾ ಇಲ್ಲದ ಫೋನಿದೆ.

ಭಾನುವಾರ ಮಧ್ಯಾಹ್ನ ಅಣ್ಣ ಹೊಸ ಬಾಸಿಂಗ ಕಟ್ಟಿ ಬೆವರುತ್ತ ನಿಂತಿದ್ದ. ಅಂತರಪಟ ಹಿಡಿದಾಗಿತ್ತು. ಆಚೆ ಬದಿಗೆ ಮದುಮಗಳು. ಹಂದರದ ನಟ್ಟನಡುವೆ ಸೋದರಮಾವ ಕೈಕಟ್ಟಿಕೊಂಡು ನಿಂತು, ಬಂದ ಹೆಂಗಸರ ಮುಂಗೈಗಳನ್ನೆಲ್ಲ ಪರೀಕ್ಷಿಸುತ್ತಿದ್ದ. ಮುಹೂರ್ತ ಹತ್ತಿರ ಬಂತು. ಜನ ಅಕ್ಕಿಕಾಳು ಹಿಡಿದ ಮುಷ್ಟಿ ಬಿಗಿ ಮಾಡಿಕೊಂಡು ಅವನ ಮುಖ ನೋಡುತ್ತಿದ್ದರು. ಅವನು ತಲೆಯಾಡಿಸಲೊಲ್ಲ.

ಅಷ್ಟರಲ್ಲಿ ಹೊರಗೆ ಜೀಪು ನಿಂತಿತು. ಹಳದಿ ಸೀರೆ ಇಳಿಯಿತು. ಹಿಂದೆ ಆಕೆಯ ಇಡೀ ಪರಿವಾರ! ಅಜ್ಜಿ ನೇರವಾಗಿ ಅಣ್ಣನ ಮುಂದೆ ಬಂದು ನಿಂತು ಕಣ್ಣು ಕಿರಿದು ಮಾಡಿದಳು.

“ಯಾರಿಂವ? ಇಂವ ಅಲ್ಲ! ನಮ್ಮ ನವರದೇವ ಎಲ್ಲಿ?”

ಅಂತರಪಟ ಅಲುಗಾಡಿತು. ಅಣ್ಣ ನನ್ನತ್ತ ನೋಡಿದ ನೋಟವನ್ನು ಡೈರಿಯಲ್ಲಿ ಬರೆದಿಲ್ಲ. ಬರೆಯಲೂ ಧೈರ್ಯವಿಲ್ಲ. ನಾನು ನೀರಿನ ಬಕೆಟ್ಟಿನ ಹಿಂದೆ ಕೂತೆ. ಆದರೆ ಅಜ್ಜಿಯ ಕಣ್ಣು ಕೋಟೆಯ ಮೇಲೆ ಪಳಗಿದ್ದು.

“ಅಯ್ಯ, ಮದುಮಗನ ಕೈಲೆ ನೀರು ತುಂಬಸಾಕತ್ತೀರೇನು?” ಎಂದವಳೇ ಬಂದು ನನ್ನ ಹೆಗಲು ಹಿಡಿದು ಎಬ್ಬಿಸಿದಳು. ಅದೇ ಹೆಗಲು. ಅದೇ ಹಿಡಿತ. ಅದೇ ಹಸಿರು ಬಳೆ. ನಾನು ಹೆದರಿ ಬಾಯಿ ತೆರೆದೆ.

ಸೋದರಮಾವ ಹತ್ತಿರ ಬಂದ. ಫೋನಿನ ಫೋಟೋ ನೋಡಿದ. ಕೈ ನೋಡಿದ. ನನ್ನ ತೆರೆದ ಬಾಯಿ ನೋಡಿದ. ಮತ್ತೆ ಫೋಟೋ ನೋಡಿದ. ನಂತರ ಹೊಟ್ಟೆ ಹಿಡಿದುಕೊಂಡು ಎಂಥ ನಗೆ ನಕ್ಕನೆಂದರೆ ಬಾಜಾದವರು ಅದನ್ನೇ ಸನ್ನೆ ಎಂದು ತಿಳಿದು ಬಾರಿಸಿಬಿಟ್ಟರು! ಜನ ಅಕ್ಕಿಕಾಳು ಎರಚಿದರು. ಅಂತರಪಟ ಸರಿಯಿತು. ನನ್ನಣ್ಣನ ಮದುವೆ ಆಯಿತು. ಬಾಸಿಂಗದ ಕೆಳಗೆ ಅವನು ಮೊದಲ ಸಲ ನಕ್ಕ. ನನ್ನ ಕಡೆ ನೋಡಿ ಅಲ್ಲ, ಹೆಂಡತಿಯ ಕಡೆ.

“ಹಂಗಾದ್ರ ಇಂವಂದು ಲಗ್ನ ಇಲ್ಲೇನು? ನಾ ಸೊಸೀಗಂತ ಖಣ ತಂದೀನಿ,” ಅಂದಳು ಅಜ್ಜಿ, ರವಿಕೆ ಬಟ್ಟೆ ತೋರಿಸುತ್ತ.

“ಇಂವಂದು ನಿನ್ನೇನೇ ಆಗ್ಯಾದ,” ಅಂದಳು ಆಯಿ ತುಟಿ ಕಚ್ಚಿ. “ಸೊಸಿ ಹಿತ್ತಲದಾಗ ಅದಾಳ. ಬರ್ರಿ, ಉಡಿ ತುಂಬ್ರಿ.”

ಇಬ್ಬರು ಅಜ್ಜಿಯರು ಮುಂದೆ, ನಾನು ಹಿಂದೆ, ನನ್ನ ಹಿಂದೆ ಅರ್ಧ ಮದುವೆ. ತಿಪ್ಪೆಯ ಹತ್ತಿರ ಗಿಡವಿರಲಿಲ್ಲ. ಮೋಟು ಕಡ್ಡಿ ಇತ್ತು. ಪಕ್ಕದಲ್ಲಿ ನಮ್ಮ ಆಡು ನಿಂತು ಶಾಂತವಾಗಿ ಮೆಲ್ಲುತ್ತಿತ್ತು. ಅದರ ಬಾಯಿಯಿಂದ ಅರಿಶಿನದ ದಾರ ಇಳಿಬಿದ್ದಿತ್ತು. ಆಡು ಮುಟ್ಟದ ಸೊಪ್ಪಿಲ್ಲ ಎಂದು ಶಾಲೆಯಲ್ಲಿ ಕಲಿತಿದ್ದೆ. ಹೆಂಡತಿಗೂ ಆ ಗಾದೆ ಅನ್ವಯಿಸುತ್ತದೆಂದು ಯಾರೂ ಹೇಳಿರಲಿಲ್ಲ!

ಉಮರ್ಗಾದ ಅಜ್ಜಿ ಸ್ವಲ್ಪವೂ ವಿಚಲಿತಳಾಗಲಿಲ್ಲ. “ತಂದ ಖಣ ವಾಪಸ್ ಒಯ್ಯಾಂಗಿಲ್ಲ,” ಎಂದು ಅದನ್ನು ಆಡಿನ ಬೆನ್ನಿಗೆ ಹೊದಿಸಿದಳು. ನಂತರ ನೆಲಕ್ಕೆ ಕೂತು ಪಕ್ಕದ ಜಾಗ ತಟ್ಟಿದಳು. “ಬಾ ನವರದೇವಾ. ಕುಂಡ್ರು. ಕುಂತು ತಗಿ.”

ಕೂತೆ. ತೆಗೆದೆ. ಡೈರಿಯಲ್ಲಿ ಆ ದಿನದ ನಮೂದು ಹೀಗಿದೆ:

ಭಾನುವಾರ. ಜಾಗ: ಹಿತ್ತಲ ತಿಪ್ಪೆ. ತೆಗೆದದ್ದು: ಒಂದು. ಅಳಿಸಿದ್ದು: ಇಲ್ಲ. ಚಿತ್ರದಲ್ಲಿ ಎಡದಿಂದ: ಉಮರ್ಗಾದ ಅಜ್ಜಿ, ಖಣ ಹೊದ್ದ ಆಡು, ವಿಧುರ. ಮೂಗು ಸಣ್ಣದಾಗಿ ಬಂದದ್ದು: ಒಂದು.

ಆಡಿನದು.