ಶರಣೆ ಕಮಲಮ್ಮನ ಸಿನಿಮಾ

ಮೈಕು ಕೈಗೆ ಸಿಗಲಿ, ಈ ಸಿನಿಮಾ ಮಂದಿಗೆಲ್ಲ ನೀರು ಕುಡಿಸಿಬಿಡುತ್ತೇನೆ! ಹೀಗೆಂದುಕೊಂಡೇ ನಾನು ಸಿಂಧನೂರಿನ ಸಭಾಭವನದ ವೇದಿಕೆ ಹತ್ತಿದ್ದು. ಕಲಿತದ್ದು ಮೂರನೇ ಇಯತ್ತೆಯಾದರೇನು? ಲಿಂಗಸುಗೂರಿನ ವೀರೇಂದ್ರ ನಿರ್ದೇಶಿಸಿದ ಸಿನಿಮಾಕ್ಕೆ ನಾನೇ ಅಜ್ಜಿ! ಗ್ಲಿಸರಿನ್ ಇಲ್ಲದೆ ಎರಡು ಸೀನು ಅತ್ತಿದ್ದೇನೆ!

ಬಿಡುಗಡೆಗೆ ಮುನ್ನ ಒಬ್ಬೊಬ್ಬರೂ ತಮಗೆ ಸ್ಫೂರ್ತಿ ಕೊಟ್ಟ ಸಿನಿಮಾ ಯಾವುದೆಂದು ಹೇಳಬೇಕಿತ್ತು. ವೀರೇಂದ್ರ ಜಪಾನಿನ ಯಾವುದೋ ಸಿನಿಮಾ ನೆನೆದು ಕಣ್ಣೊರೆಸಿಕೊಂಡ. ನಾಯಕಿ ರೂಪಾ ಹೇಳಿದ ನಾಲಿಗೆ ಹೊರಳದ ಹೆಸರು ಕೇಳಿಯೇ ನನ್ನ ಕಟ್ಟಿಸಿದ ಹಲ್ಲು ಸಡಿಲಾಯಿತು. ಇಷ್ಟೇನಾ ಎಂದು ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ಬಾಗಿಲಲ್ಲಿ ಕೋಲು ಕುಟ್ಟಿದ ಸದ್ದು!

ಜಂಬಮ್ಮಕ್ಕ! ನನ್ನ ಹಿರಿಯ ನೆಗೆಣ್ಣಿ! "ಸೊಂಟ ನೋವು, ಬರಂಗಿಲ್ಲ" ಅಂದಾಕೆ ಪಾಮನಕಲ್ಲೂರಿನಿಂದ ಬಸ್ಸು ಹತ್ತಿ ಬಂದು ಮುಂದಿನ ಸಾಲಿನಲ್ಲೇ ಕೂತಳು. ನಾನು ಮುಖದ ಮೇಲೆ ಸೆರಗು ಎಳೆದುಕೊಂಡೆ.

ಯಾಕಂತೀರಾ? ನಾನು ಜನ್ಮದಲ್ಲಿ ನೋಡಿದ್ದು ಒಂದೇ ಸಿನಿಮಾ. ನಲವತ್ತು ವರ್ಷದ ಹಿಂದೆ, ಶ್ರಾವಣದಲ್ಲಿ, ಮಠದ ಪುರಾಣಕ್ಕೆಂದು ಅತ್ತೆಗೆ ಹೇಳಿ, ಮಸ್ಕಿಯ ಟೆಂಟಿನಲ್ಲಿ ಹನ್ನೊಂದು ಸಂಜೆ ಅದನ್ನೇ ನೋಡಿದೆ. ಅತ್ತೆ ಬಿಟ್ಟಾಳೆಯೇ? "ಇವತ್ತ ಪುರಾಣದಾಗ ಏನ್ ಬಂತು?" ಎಂದು ದಿನವೂ ಕೇಳುವಳು. ಗಂಡ ಬಿಟ್ಟ ನಾಯಕಿ ಕಮಲಾಳ ಹಣೆಗೆ ವಿಭೂತಿ ಬಳಿದು, ಶರಣೆ ಕಮಲಮ್ಮನ ಪುರಾಣ ಮಾಡಿ ಹೇಳಿಬಿಟ್ಟೆ! ಅತ್ತೆ ಕೈಮುಗಿದಳು. ಮಕ್ಕಳಿಲ್ಲದ ಜಂಬಮ್ಮಕ್ಕ ಕಮಲಮ್ಮನ ಹೆಸರಲ್ಲಿ ಸೋಮವಾರ ಉಪ್ಪು ಬಿಟ್ಟಳು. ವರ್ಷದೊಳಗೆ ಗಂಡುಮಗು! ಅಂದಿನಿಂದ ಆಕೆಯ ಸೋಮವಾರಕ್ಕೆ ಉಪ್ಪಿಲ್ಲ, ನನ್ನ ಸೋಮವಾರಕ್ಕೆ ನೆಮ್ಮದಿಯಿಲ್ಲ.

"ಹೇಳ್ರೀ ಅಮ್ಮಾ, ನಿಮ್ಮ ಸಿನಿಮಾ ಯಾವುದು?" ವೀರೇಂದ್ರ ಮೈಕು ಚಾಚಿದ.

"ನಂದೇನ್ ಐತಪಾ, ನಡಿ, ಚಾ ಕುಡಿಯೂಣು."

"ಶೂಟಿಂಗಿನ್ಯಾಗ ಹೇಳಿದ್ರಲ್ರೀ, ಟೆಂಟಿನ್ಯಾಗ ನೋಡಿದ ಕಮಲಾನ ಕತಿ! ಆಕಿನ್ನ ನೆನಸಿಕೊಂಡೇ ಅಳಾಕತ್ತೀನಿ ಅಂದ್ರಿ!"

ಮೊದಲು ಕೋಲು ಎದ್ದು ನಿಂತಿತು, ಅದರ ಹಿಂದೆ ಜಂಬಮ್ಮಕ್ಕ.

"ಯಾವ ಕಮಲಾಲೇ, ಸಣ್ಣಾಕಿ?"

ಕೊರಳಲ್ಲಿ ಲಿಂಗ. ಸುಳ್ಳಿಗೂ ಹೆದರಿಕೆ, ಖರೇಕ್ಕೂ ಹೆದರಿಕೆ! ಮೈಕು ಹಿಡಿದು, ಕಣ್ಣು ಮುಚ್ಚಿ ಎಲ್ಲ ಒದರಿಬಿಟ್ಟೆ.

ಕೋಲು ಟಕ್ ಟಕ್ ಎನ್ನುತ್ತ ಮೆಟ್ಟಿಲು ಹತ್ತಿತು. ನಾನು ರೂಪಾಳ ಬೆನ್ನ ಹಿಂದೆ ಅಡಗಿದೆ.

"ಹೊಡೀಬ್ಯಾಡ ಯಕ್ಕಾ, ಮಂದಿ ಅದಾರ!"

"ಹೊಡ್ಯಾಕ ಬಂದಿಲ್ಲ ಬೇ. ಆಕಿ ಹೆಸರಿಲೆ ಮಗ ಹುಟ್ಯಾನ. ಟೆಂಟಿನ್ಯಾಗ ಇದ್ರೂ ಆಕಿ ನನಗ ಶರಣೀನ. ಕಡೀಕ ಆಕಿ ಲಿಂಗದಾಗ ಐಕ್ಯ ಆದ್ಲು ಅಂತ ಹೇಳಿದ್ದಿ. ಅದಾದ್ರೂ ಖರೇ ಏನು?"

"ಅದೂ ನಾನ ಕಟ್ಟಿದ್ದು ಯಕ್ಕಾ," ಎಂದೆ. "ಮಠದಾಗ ಮಂಗಳಾರತಿ ಆಗೂದ್ರಾಗ ಮನಿ ಸೇರಬೇಕಿತ್ತು. ಹನ್ನೊಂದು ದಿನಾನೂ ಅರ್ಧಕ್ಕ ಎದ್ದು ಬಂದೆ. ಕಡೀ ಸೀನು ನಾ ನೋಡೇ ಇಲ್ಲ!"

ಜಂಬಮ್ಮಕ್ಕ ನನ್ನ ಕೈಯಿಂದ ಮೈಕು ಕಸಿದುಕೊಂಡಳು.

"ಕೇಳ್ರೆಪಾ ಸಿನಿಮಾದವ್ರಾ! ಅರ್ಧಾ ಸಿನಿಮಾಕ್ಕ ನಾ ನಲವತ್ತು ವರ್ಷ ಉಪ್ಪು ಬಿಟ್ಟೀನಿ! ಈಕಿ ಪೂರಾ ನೋಡಿದ್ದರ ನನಗ ಇನ್ನೂ ಏನೇನ್ ಬಿಡಿಸ್ತಿದ್ಲೋ!"