ಹೋಗಿ ಬರ್ತೀನಿ ಅನ್ನುವ ಲ್ಯಾಪ್‌ಟಾಪ್

ನನ್ನ ಸೋದರಮಾವ ಜೀವನದಲ್ಲಿ ಯಾವುದನ್ನೂ ಮುಚ್ಚಿದವನಲ್ಲ. ಪೆನ್ನಿನ ಕ್ಯಾಪು, ಉಪ್ಪಿನಕಾಯಿ ಜಾಡಿ, ಬಾಯಿ, ಮೂರೂ ಸದಾ ತೆರೆದೇ ಇರುತ್ತವೆ! ಹರಿಹರದಲ್ಲಿ ಲಗ್ನಪತ್ರಿಕೆ ಡಿಟಿಪಿ ಮಾಡುವ ಪುಟ್ಟ ಅಂಗಡಿ ಅವನದು. ಅದಕ್ಕೆ ಬಾಗಿಲು ಬೀಳುವುದೂ ಅತ್ತೆ ಬಂದು ಬೈದ ಮೇಲೆಯೇ.

ನಾನು ತದ್ವಿರುದ್ಧ. ಎಲ್ಲವನ್ನೂ ಡೈರಿಯಲ್ಲಿ ಬರೆದು, ಕೂಡಿಸಿ, ಕೆಳಗೆ ಗೆರೆ ಎಳೆದು ಮುಗಿಸುವವಳು. ಈ ಏಪ್ರಿಲ್ ತಿಂಗಳ ಲೆಕ್ಕ ಹೀಗಿದೆ: ಲ್ಯಾಪ್‌ಟಾಪ್ ಕೆಟ್ಟಿದೆಯೆಂದು ಮಾವನ ಫೋನು ಹತ್ತೊಂಬತ್ತು. ಅದಕ್ಕಾಗಿ ದಾವಣಗೆರೆಯ ಕೆ.ಬಿ. ಬಡಾವಣೆಯಿಂದ ನಾನು ಹರಿಹರದ ಬಸ್ಸು ಹತ್ತಿದ್ದು ನಾಲ್ಕು ಸಲ. ಕೂರಲು ಸೀಟು ಸಿಕ್ಕಿದ್ದು ಒಂದು ಸಲ.

ದೂರು ಮಾತ್ರ ಪ್ರತಿ ಸಲವೂ ಒಂದೇ. “ಚಾರ್ಜರ್ ಹಾಕಿದ್ರೂ ಸ್ಲೋ ಐತವ್ವ! ಹೊಟ್ಟೆ ತುಂಬ ಉಣ್ಣಾಕ ಇಕ್ಕಿದ್ರೂ ಕೆಲ್ಸ ಮಾಡಲ್ಲ ಅಂದ್ರೆ ಇದೇನು ಲ್ಯಾಪ್‌ಟಾಪಾ, ಮನೆಅಳಿಯನಾ?”

ಮೊದಲ ಸಲ ಹೋದಾಗ ನೋಡಿದರೆ, ಸಿಕ್ಕಿಸಿದ್ದ ಚಾರ್ಜರ್ ಅದರದ್ದೇ ಅಲ್ಲ! ಅದರದ್ದನ್ನು ಪಕ್ಕದ ಬೈಂಡಿಂಗ್ ಅಂಗಡಿಯ ಚಾಚಾಗೆ ಕೊಟ್ಟು, ಅವರ ಚಿಕ್ಕ ಚಾರ್ಜರನ್ನು ಇವನು ಇಟ್ಟುಕೊಂಡಿದ್ದ.

“ಪಿನ್ನು ಒಂದೇ ಐತಲ್ಲ?”

“ಪಿನ್ನು ಒಂದೇ ಮಾವ, ಶಕ್ತಿ ಅರ್ಧ.”

“ಅರ್ಧ ಇದ್ರೆ ನಿಧಾನಕ್ಕೆ ಉಣ್ಣಲಿ. ಅವಸರ ಏನೈತೆ?”

ಅವಸರವಿಲ್ಲದಿದ್ದರೆ ನನ್ನನ್ನು ಕರೆಸಿದ್ದು ಯಾಕೆ? ಪಕ್ಕದ ಅಂಗಡಿಗೆ ನಡೆದೆ. ಚಾಚಾ ಚಾರ್ಜರನ್ನು ವಾಪಸ್ ಕೊಡುವಾಗ ಮುಖ ಸಣ್ಣ ಮಾಡಿಕೊಂಡರು. “ನಂದು ಭಾಳ ಮಜಬೂತ್ ಓಡ್ತಿತ್ತು ನೋಡವ್ವ,” ಅಂದರು.

ಎರಡನೇ ಸಲ ಸಿಕ್ಕಿದ್ದು ವಿದ್ಯುತ್ ಉಳಿಸುವ ಮೋಡ್. ಕರೆಂಟಿಗೆ ಸಿಕ್ಕಿಸಿದ್ದರೂ ಅದು ಸದಾ ಆನ್! ಆಫ್ ಮಾಡಲು ಹೋದರೆ ಮಾವ ಕೈ ಹಿಡಿದ. “ಅದ್ರ ಮ್ಯಾಲೆ ಹಸಿರೆಲೆ ಐತೆ ನೋಡು. ತೋರಣ ಇದ್ದಂಗೆ. ಕೀಳಬ್ಯಾಡ.” ತೋರಣ ಕಿತ್ತ ಪಾಪವನ್ನು ನಾನೇ ಹೊತ್ತುಕೊಂಡೆ.

ಮೂರನೇ ಸಲ ಅದು ಕಾದ ಹಂಚಿನ ಹಾಗಿತ್ತು. ಕೂರಿಸಿದ್ದು ಮೆತ್ತನೆಯ ಮಕಮಲ್ ಬಟ್ಟೆಯ ಮೇಲೆ. ಗಾಳಿಯಾಡುವ ಕಿಂಡಿಗಳೆಲ್ಲ ಬಂದ್! ಎತ್ತಿ ಹಿಡಿದು ಕಿಂಡಿಗಳಿಗೆ ಬ್ರಷ್ ಹಾಕಿದಾಗ ಸಿಕ್ಕಿದ್ದು: ಧೂಳು ಒಂದು ಹಿಡಿ, ಅಕ್ಷತೆ ಹನ್ನೊಂದು ಕಾಳು. ಪ್ರತಿ ಪತ್ರಿಕೆ ಮುಗಿದಾಗಲೂ ಮಾವ ಪರದೆಯ ಮೇಲಿನ ವಧೂವರರಿಗೆ ಎರಡು ಕಾಳು ಹಾಕುತ್ತಾನಂತೆ.

ಎರಡು ವರ್ಷದ ಹಿಂದೆ ನನ್ನ ಪತ್ರಿಕೆಯನ್ನೂ ಇವನೇ ಮಾಡಿದ್ದ. ಮುದ್ರಿಸಿದ್ದು ಮುನ್ನೂರು, ಹಂಚಿದ್ದು ನೂರಾ ಹನ್ನೆರಡು. ಆಮೇಲೆ ಗಂಡಿನವರು ಬೇಡವೆಂದರು. ಆ ಪುಟಕ್ಕೆ ಗೆರೆ ಎಳೆದಾಗಿದೆ. ಮುಂದೆ ಹೋಗೋಣ.

ನಾಲ್ಕನೇ ಸಲದ ಫೋನಿನಲ್ಲಿ ಮಾವನ ದನಿಯೇ ಬಿದ್ದುಹೋಗಿತ್ತು. ಮದುವೆ ಸೀಸನ್ನಿನಲ್ಲಿ ಮೂರು ಗಿರಾಕಿಗಳು ಆಗಲೇ ದಾವಣಗೆರೆಗೆ ಹೋಗಿಬಿಟ್ಟಿದ್ದರು. ಈಗ ಕುಕ್ಕುವಾಡದವರು, ಸಂಜೆ ಐದಕ್ಕೆ ಪತ್ರಿಕೆ ಪ್ರೆಸ್ಸಿಗೆ ಹೋಗದಿದ್ದರೆ ತಾವೂ ಅಲ್ಲೇ ಮಾಡಿಸುತ್ತೇವೆ ಅಂದಿದ್ದರು. “ಇವ್ರೂ ಹೋದ್ರೆ ನಾನು ಈ ಕೆಲ್ಸನೇ ಬಿಡ್ತೀನವ್ವ,” ಅಂದ.

ನಾನು ತಲುಪಿದಾಗ ಎರಡೂವರೆ. ‘ಚಿ. ಸೌ.’ ಎಂದು ಒತ್ತಿದರೆ ‘ಚಿ’ ಬಂದು ‘ಸೌ’ ಬರುವಷ್ಟರಲ್ಲಿ ಒಂದು ಚಹಾ ಮುಗಿಯುತ್ತಿತ್ತು. ತೆರೆದ ಫೈಲುಗಳನ್ನು ಎಣಿಸಿದೆ. ನಂಬದೆ ಇನ್ನೊಮ್ಮೆ ಎಣಿಸಿದೆ. ನಲವತ್ತೊಂದು!

“ಮಾವ, ಮುಗಿದ ಮದುವೆಗಳನ್ನ ಯಾಕೆ ತೆರೆದಿಟ್ಟಿದ್ದೀಯ? ಈ ಕೊಕ್ಕನೂರಿನ ಜೋಡಿಗೆ ಎರಡನೇ ಮಗು ಆಯ್ತಲ್ಲ?”

“ಹೌದು. ನಾಮಕರಣಕ್ಕೂ ಬರ್ತಾರಲ್ಲ!”

“ಎಲ್ಲಾ ಮುಚ್ಚಿ ಶಟ್ ಡೌನ್ ಮಾಡೋಣ.”

“ಬಿಡ್ತು ಅನ್ನು!” ಮಾವ ಎದ್ದೇ ನಿಂತ. “ದೀಪ ಆರ್ಸು ಅಂತೀವೇನು? ದೊಡ್ಡದು ಮಾಡು ಅಂತೀವಿ. ಅಕ್ಕಿ ಖಾಲಿ ಆದ್ರೆ ಹೆಚ್ಚಾತು ಅಂತೀವಿ. ಲಗ್ನಪತ್ರಿಕೆ ಅಂಗಡ್ಯಾಗೆ ಮುಚ್ಚೋ ಮಾತ್ಯಾಕ?”

ಈ ಯಂತ್ರ ಶಟ್ ಡೌನ್ ಕಂಡು ಎಷ್ಟು ಕಾಲವಾಯಿತೋ ದೇವರಿಗೇ ಗೊತ್ತು. ಗಡಿಯಾರ ನೋಡಿದೆ. ಮೂರು. ಸುಸ್ತಾಗಿತ್ತು. ತಂತ್ರಜ್ಞಾನದಿಂದ ಇನ್ನು ಪ್ರಯೋಜನವಿಲ್ಲ ಅನ್ನಿಸಿತು.

“ಮಾವ, ಹೊರಡುವಾಗ ನಾವು ‘ಹೋಗ್ತೀನಿ’ ಅನ್ನಲ್ಲ ಅಲ್ವಾ?”

“ಎಲ್ಲಾದ್ರೂ ಉಂಟೇನು!”

“ಶಟ್ ಡೌನ್ ಅಂದ್ರೆ ‘ಹೋಗ್ತೀನಿ.’ ರೀಸ್ಟಾರ್ಟ್ ಅಂದ್ರೆ ‘ಹೋಗಿ ಬರ್ತೀನಿ.’”

ಮಾವ ಕುರ್ಚಿಯನ್ನು ನನ್ನತ್ತ ಸರಿಸಿದ. “ಇದನ್ನ ಮೊದ್ಲೇ ಹೇಳಾಕ ಏನಾಗಿತ್ತು ನಿಂಗೆ?” ಅಂದ!

ಒಂದೊಂದೇ ಫೈಲು ಸೇವ್ ಮಾಡಿ ಮುಚ್ಚುತ್ತ ಬಂದೆ. ಪ್ರತಿಯೊಂದಕ್ಕೂ ಮಾವ ಪಕ್ಕದಲ್ಲಿ ನಿಂತು “ನೂರು ವರ್ಷ ಬಾಳ್ರಪ್ಪ” ಅನ್ನುತ್ತಿದ್ದ. ಮೂವತ್ತೊಂಬತ್ತು ಸಲ ಅಂದ. ಉಳಿದದ್ದು ಕುಕ್ಕುವಾಡದ್ದು ಮತ್ತು ಇನ್ನೊಂದು. ಆ ಇನ್ನೊಂದಕ್ಕೆ ಬಾಣದ ಗುರುತು ಒಯ್ದ ಕೂಡಲೇ ಮಾವ ಪರದೆಗೆ ಅಂಗೈ ಅಡ್ಡ ಹಿಡಿದ.

“ಇದು ಬ್ಯಾಡ.”

ಬೆರಳ ಸಂದಿಯಲ್ಲೇ ಕಂಡಿತು. ನನ್ನ ಹೆಸರು.

ಕೈ ಸರಿಸಿದೆ. ಹುಡುಗನ ಹೆಸರಿನ ಜಾಗ ಖಾಲಿ. ಮುಹೂರ್ತ ಖಾಲಿ. ‘ವಿವಾಹ ಮಹೋತ್ಸವ’ ಎಂದಿದ್ದ ಕಡೆಯೂ ಖಾಲಿ. ನಡುವೆ ನನ್ನ ಹೆಸರೊಂದೇ, ಸುತ್ತ ಮಲ್ಲಿಗೆ ಬಳ್ಳಿ.

“ಮದುವೆ ಅನ್ನೋದನ್ನೂ ತೆಗೆದಿದ್ದೀಯಲ್ಲ ಮಾವ?”

“ಮದುವೆನೇ ಆಗ್ಬೇಕಂತ ಯಾರಂದ್ರು? ಮನೆ ಕಟ್ಟು, ಅಂಗಡಿ ತೆಗಿ, ಪುಸ್ತಕ ಬರಿ. ಏನರ ಒಂದು ಆಗ್ತೈತಲ್ಲ? ಅವತ್ತು ಜನ ಕರಿಬೇಕು. ಹೆಸ್ರು ರೆಡಿ ಇರ್ಲಿ ಅಂತ ಬಿಟ್ಟೀನಿ.” ಆಮೇಲೆ ಗೋಡೆ ಕಡೆ ನೋಡುತ್ತ ಅಂದ, “ಆ ಬಳ್ಳಿ ಕೂಡ್ಸಾಕ ಮೂರು ದಿನ ಹಿಡೀತು.”

ಸೇವ್ ಮಾಡಿದೆ, ಎರಡು ಸಲ. “ಹೋಗಿ ಬರ್ತೈತೆ ಮಾವ,” ಅಂದು ರೀಸ್ಟಾರ್ಟ್ ಒತ್ತಿದೆ. ಪರದೆ ಕಪ್ಪಾದಾಗ ಅವನು ಉಸಿರು ಬಿಗಿ ಹಿಡಿದ. ಬೆಳಕು ಮರಳಿದ ತಕ್ಷಣ ನಾನು ತೆರೆದದ್ದು ಕುಕ್ಕುವಾಡದ್ದನ್ನಲ್ಲ.

ಡೈರಿಯ ಆ ದಿನದ ನಮೂದು: ಕುಕ್ಕುವಾಡದ ಪತ್ರಿಕೆ ಪ್ರೆಸ್ಸಿಗೆ, ನಾಲ್ಕು ನಲವತ್ತಕ್ಕೆ. ನಾನು ಹೊರಟಾಗ ತೆರೆದಿದ್ದ ಫೈಲು, ಒಂದು.

ಅದರ ಕೆಳಗೆ ಗೆರೆ ಎಳೆದಿಲ್ಲ.