ಮಗ್ಗ ನಿಂತಾಗ ಕದಡಿದ ನೀರು

ನಮ್ಮ ಮನ್ಯಾಗ ನೀರಿಗೂ ಸಮಾಧಾನ ಇಲ್ಲ, ಮಂದಿಗೂ ಇಲ್ಲ. ಹಿರೇ ಮೊಮ್ಮಗಳು ಹೈದರಾಬಾದಿನಾಗ ನೀರು ಯಾಕ ಕದಡತೈತಿ ಅಂತ ಸಂಶೋಧನೆ ಮಾಡ್ತಾಳ. ರಜಾಕ್ಕ ನಾರಾಯಣಪೇಟಿಗೆ, ನಮ್ಮ ನೇಕಾರರ ಮನಿಗೆ ಬಂದ್ಲಂದ್ರ ದಿನಾ ಒಂದು ಫಜೀತಿ. ಈ ಸಲ ಅವರ ಸರ್ ಒಂದು ವಿಡಿಯೋ ಕೇಳಿದ್ರು. ರಜಾ ಮುಗಿಯೋದರೊಳಗ ಕಳಿಸದಿದ್ರ ಆ ಕೆಲಸ ಬ್ಯಾರೆಯವರ ಪಾಲು. ಹಿಂಗಾಗಿ ಆಕಿ ಕುಂತಲ್ಲಿ ಕುಂದ್ರವಲ್ಲಳು.

ಚಾ

ಓಣಿ ಹಿರೇರೊಬ್ಬರು ಬಂದಿದ್ರು. ಈಕಿ ಚಾದಾಗ ಹಾಲು ಸುರುವಿ, ದೊಡ್ಡ ಸುಳಿ ಒಡದು ಸಣ್ಣ ಸುಳಿ ಹೆಂಗ ಆಗತಾವ ಅಂತ ಕಪ್ಪಿನ ಮ್ಯಾಲೇ ಬಗ್ಗಿ ನಿಂತ್ಲು. ಚಾಕ್ಕ ಕೆನಿ ಕಟ್ಟಿತು. ಅವರು ಕೇಳಿದ್ರು, "ಯವ್ವಾ, ಇದು ಕುಡಿಯಾಕೋ, ದರ್ಶನಕ್ಕೋ?"

ಗದ್ವಾಲ ಬಸ್ಸು

ಕೃಷ್ಣಾ ಹೊಳಿ ಸೇತುವಿ ಮ್ಯಾಲೆ ಬಸ್ಸು ನಿಧಾನಾತು. "ಅಜ್ಜೀ, ನೋಡ ಅಲ್ಲಿ, ಕಂಬದ ಹಿಂದ!" ಅಂತ ಈಕಿ ಎದ್ದು ನಿಂತ್ಲು. ಆಕಿ ನೋಡಿದ್ದು ಸುಳಿ. ಬಸ್ಸಿನ ಮಂದಿ ಎಲ್ಲಾ ಆ ಕಡೆ ವಾಲಿ ಕೈ ಮುಗದ್ರು, ನಾನೂ ಮುಗದೆ. ಕಂಡಕ್ಟರ್ ತಾನೂ ಮುಗದು ಮೆಲ್ಲಗ ಕೇಳಿದ, "ಯಾವ ದೇವರ್ರೀ?"

ಕೊಳವಿ

ನಡುಮನಿಯಿಂದ ಹಿತ್ತಲತನಕ ಗಾಜಿನ ಕೊಳವಿ ಕಟ್ಟಿದ್ಲು. ಅದರಾಗ ನೀರು, ನೀರಾಗ ನಮ್ಮ ನೂಲಿನ ಕೆಂಪು ಬಣ್ಣದ ಒಂದು ಗೆರಿ. "ಇದರಾಗ ಒಂದು ಕದಡು ಎದ್ರ ಅದು ಸಾಯತೈತಿ, ಇಲ್ಲಾ ಒಡದು ಎರಡಾಗತೈತಿ. ಒಡಿಯೋದೇ ಹೆಚ್ಚಾದ್ರ ಗದ್ದಲ ನಿಲ್ಲಂಗಿಲ್ಲ ಅಂತ ಈಗೀಗ ಗೊತ್ತಾಗೇತಿ. ಒಡಿಯೋದನ್ನ ವಿಡಿಯೋದಾಗ ಹಿಡೀಬೇಕಜ್ಜಿ."

"ನಮ್ಮ ಓಣಿ ಜಗಳದಂಗ ಅನ್ನು," ಅಂದೆ.

ಮಗ್ಗದ ಬಡತಕ್ಕ ಗೆರಿ ನಡಗತಿತ್ತು. ಮಗ್ಗ ನಿಲ್ಲಿಸಿದ್ವಿ. ಎಲ್ಲಾರೂ ಉಸಿರು ಹಿಡಿದು ನೆಲಕ್ಕ ಕುಂತ್ವಿ. ಗೆರಿ ಮಗ್ಗಕ್ಕ ಬಿಗಿದ ಹಾಸಿನ ಎಳಿಯಂಗ ನೆಟ್ಟಗಾತು. ಖರೇ, ಕದಡು ಏಳವಲ್ದು. ಅದು ರಜಾದ ಕಡೀ ದಿನ. ಹುಡುಗಿ ಕಣ್ಣಾಗ ನೀರು.

ನಮ್ಮ ಓಣ್ಯಾಗ ನಡುಹಗಲು ಮಗ್ಗ ನಿಂತ್ರ ಮನ್ಯಾಗ ಯಾರೋ ತೀರಿಕೊಂಡಾರ ಅಂತ ಅರ್ಥ. ಆಗಲೇ ಮಕ್ತಲದಿಂದ ನಮ್ಮ ನಾದಿನಿ ಬಂದ್ಲು. ಮಗ್ಗದ ಸಪ್ಪಳಿಲ್ಲ, ಮಂದಿ ಸುತ್ತ ಕುಂತಾರ, ಹುಡುಗಿ ಅಳಾಕ್ಹತ್ಯಾಳ. ಬ್ಯಾಗು ಒಗದು, "ಅಯ್ಯಯ್ಯೋ, ನಮ್ಮನ್ನ ಬಿಟ್ಟು ಹೋದ್ಯಾ!" ಅಂತ ಕೊಳವಿ ಕಟ್ಟಿದ ಕಂಬಕ್ಕೇ ತಲಿ ಬಡಕೊಂಡ್ಲು.

ಗೆರಿ ಜುಮ್ಮಂದು ಕದಡಿತು. ಕದಡು ಮುಂದ ಹೋತು, ಹೋತು, ಒಡದು ಎರಡಾತು!

"ಆತು! ಆತು!" ಅಂತ ಮೊಮ್ಮಗಳು ಕುಣಿದಾಡಿದ್ಲು. ನಾದಿನಿ ಇನ್ನಾ ಜೋರು ಅತ್ಲು.

ವಿಡಿಯೋ ಹೈದರಾಬಾದಿಗೆ ಹೋತು. ಸರ್ ಫೋನ್ ಬಂತು: "ಕೆಲಸ ನಿಂದೇ ತಾಯಿ. ಆದ್ರ ಮನ್ಯಾಗ ಯಾರು ಹೋದ್ರು?"

ನಾದಿನಿ ಸೆರಗಿಲೆ ಕಣ್ಣೊರಸಿಕೊಂತ ಫೋನ್ ಕಸಕೊಂಡ್ಲು. "ಯಾರಂತ ನನಗೂ ಇನ್ನಾ ಹೇಳವಲ್ರು ನೋಡ್ರೀ ಸರ್! ಎಣಿಸಿದ್ರ ಎಲ್ಲಾರೂ ಇಲ್ಲೇ ಅದಾರ!"